ಗೆದ್ದ ಹಾಡುಗಳು ಮತ್ತು ಅವುಗಳ ಭಾಷೆ

18 ಮೇ 2025, ಭಾನುವಾರ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನಿನ್ನೆ ರಾತ್ರಿ ನಡೆದ, ಮುಖ್ಯವಾಗಿ ಯುರೋಪಿನ ದೇಶಗಳು ವರ್ಷವರ್ಷವೂ ಸೆಣಸುವ ಯೂರೋವಿಷನ್ ಹಾಡಿನ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಆಸ್ಟ್ರಿಯಾದ ಜೆಜೆ 436 ಅಂಕ ಪಡೆದು ಗೆದ್ದರು. ಒಪೆರಾದಲ್ಲಿ ಪಳಗಿದ ಅವರ ಕಂಠ, ಗಂಡುದನಿಗೆ ಅಪರೂಪವಾದ ಮೇಲಿನ ಸ್ಥಾಯಿಯಲ್ಲಿ ಆಯಾಸವಿಲ್ಲದೆ ಸಂಚರಿಸುತ್ತದೆ. ಈ ಗೆಲುವು ಸಲ್ಲಬೇಕಾದವರಿಗೇ ಸಂದಿದೆ ಎಂದು ನಾನು ನಂಬಿದ್ದೇನೆ. ಆದರೂ ಹಾಡು ಇಂಗ್ಲಿಷಿನಲ್ಲಿತ್ತು ಎಂಬುದು ಮನಸ್ಸಿನಲ್ಲಿ ಉಳಿಯಿತು, ಏಕೆಂದರೆ ಆಸ್ಟ್ರಿಯಾಕ್ಕೆ ಮೊದಲ ಗೆಲುವು ತಂದ ಉಡೋ ಯೂರ್ಗನ್ಸ್ 1966ರಲ್ಲಿ ಲಕ್ಸೆಂಬರ್ಗಿನ ವೇದಿಕೆಯ ಮೇಲೆ ಪಿಯಾನೊ ಮುಂದೆ ಕುಳಿತು ಹಾಡಿದ್ದು ಜರ್ಮನ್ ಭಾಷೆಯಲ್ಲಿ. ಆ ಎರಡು ಗೆಲುವುಗಳ ನಡುವೆ ಏನಾಯಿತು ಎಂದು ತಿಳಿಯಲು ಇಂದು ದಿನವಿಡೀ ಹಳೆಯ ವಿಜೇತರ ಹಾಡುಗಳನ್ನು ವರ್ಷದ ಕ್ರಮದಲ್ಲಿ ಕೇಳಿದೆ.

ಮೊದಲ ಸ್ಪರ್ಧೆಯೂ ಸ್ವಿಟ್ಜರ್ಲೆಂಡಿನಲ್ಲಿಯೇ, 1956ರಲ್ಲಿ ಲುಗಾನೊ ನಗರದಲ್ಲಿ ನಡೆಯಿತು. ಏಳು ದೇಶಗಳು ತಲಾ ಎರಡು ಹಾಡುಗಳನ್ನು ಕಳುಹಿಸಿದ್ದವು. ಸ್ವಿಟ್ಜರ್ಲೆಂಡಿನ ಎರಡನ್ನೂ ಹಾಡಿದವರು ಲಿಸ್ ಆಸಿಯಾ, ಒಂದನ್ನು ಜರ್ಮನ್‌ನಲ್ಲಿ, ಇನ್ನೊಂದನ್ನು ಫ್ರೆಂಚ್‌ನಲ್ಲಿ. ಗೆದ್ದದ್ದು ಫ್ರೆಂಚ್ ಹಾಡು. ಮತದಾನ ಗುಟ್ಟಾಗಿ ನಡೆದು ವಿಜೇತರ ಹೆಸರನ್ನು ಮಾತ್ರ ಪ್ರಕಟಿಸಿದ್ದರಿಂದ, ಉಳಿದ ಹಾಡುಗಳು ಯಾವ ಸ್ಥಾನ ಪಡೆದವೆಂಬುದು ಹೊರಬರಲಿಲ್ಲ. ಆಗ ಭಾಷೆಯ ಬಗ್ಗೆ ನಿಯಮವಿರಲಿಲ್ಲ; ಪ್ರತಿಯೊಬ್ಬರೂ ತಮ್ಮ ದೇಶದ ಭಾಷೆಯಲ್ಲಿಯೇ ಹಾಡುತ್ತಾರೆಂಬುದು ಎಲ್ಲರಿಗೂ ಸಹಜವಾಗಿ ತೋರಿತ್ತು. 1965ರಲ್ಲಿ ನೇಪಲ್ಸ್‌ನಲ್ಲಿ ಸ್ವೀಡನ್ನಿನ ಒಪೆರಾ ಗಾಯಕ ಇಂಗ್ವಾರ್ ವಿಕ್ಸೆಲ್ ಇಂಗ್ಲಿಷಿನಲ್ಲಿ ಹಾಡಿದ ಮೇಲೆ ಆ ಸಹಜತೆ ಕದಡಿತು. ಮರುವರ್ಷದಿಂದ ಸ್ವಂತ ಭಾಷೆಯಲ್ಲಿಯೇ ಹಾಡಬೇಕೆಂಬ ನಿಯಮ ಜಾರಿಗೆ ಬಂದಿತು.

ನಿಯಮವಿದ್ದದ್ದು ಭಾಷೆಗೆ, ಹಾಡುವವರ ಊರಿಗಲ್ಲ. ಲಕ್ಸೆಂಬರ್ಗ್ ಐದು ಬಾರಿ ಗೆದ್ದಿದೆ, ಆದರೆ ಗೆದ್ದ ಐವರಲ್ಲಿ ನಾಲ್ವರು ಫ್ರಾನ್ಸಿನವರು, 1972ರ ವಿಕಿ ಲಿಯಾಂಡ್ರೋಸ್ ಗ್ರೀಸಿನವರು. ಐದು ಹಾಡುಗಳೂ ಫ್ರೆಂಚ್‌ನವೇ. 1988ರಲ್ಲಿ ಡಬ್ಲಿನ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಒಂದೇ ಅಂಕದ ಅಂತರದಲ್ಲಿ ಗೆಲುವು ತಂದ ಸೆಲೀನ್ ಡಿಯಾನ್ ಕೆನಡಾದವರು.

ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1969ರ ಮ್ಯಾಡ್ರಿಡ್ ಫಲಿತಾಂಶ. ಸ್ಪೇನಿನ ಸಲೋಮೆ, ಬ್ರಿಟನ್ನಿನ ಲುಲು, ನೆದರ್ಲ್ಯಾಂಡ್ಸ್‌ನ ಲೆನಿ ಕೂರ್, ಫ್ರಾನ್ಸಿನ ಫ್ರಿಡಾ ಬೊಕ್ಕಾರಾ, ಈ ನಾಲ್ವರಿಗೂ ತಲಾ 18 ಅಂಕಗಳು ಬಂದವು. ಸಮಬಲವಾದರೆ ಏನು ಮಾಡಬೇಕೆಂದು ನಿಯಮಾವಳಿಯಲ್ಲಿ ಬರೆದೇ ಇರಲಿಲ್ಲವಾದ್ದರಿಂದ ನಾಲ್ವರನ್ನೂ ವಿಜೇತರೆಂದು ಘೋಷಿಸಲಾಯಿತು. ಇದನ್ನು ಸ್ಪರ್ಧೆಯ ಮುಜುಗರವೆಂದು ಬರೆಯುವವರೇ ಹೆಚ್ಚು. ಅಸಮಾಧಾನಗೊಂಡ ಸ್ವೀಡನ್, ನಾರ್ವೆ, ಫಿನ್‌ಲೆಂಡ್ ಮುಂತಾದ ದೇಶಗಳು ಮರುವರ್ಷದ ಆಮ್‌ಸ್ಟರ್‌ಡ್ಯಾಮ್ ಸ್ಪರ್ಧೆಗೆ ಬಾರದೆ ದೂರ ಉಳಿದದ್ದೂ ನಿಜ. ಆದರೆ ನಾಲ್ಕು ಹಾಡುಗಳನ್ನು ಒಂದಾದ ಮೇಲೊಂದರಂತೆ ಕೇಳಿದಾಗ ಸ್ಪ್ಯಾನಿಷ್, ಇಂಗ್ಲಿಷ್, ಡಚ್, ಫ್ರೆಂಚ್ ಭಾಷೆಗಳು ಒಂದೇ ರಾತ್ರಿ ಸರಿಸಮವಾಗಿ ನಿಂತದ್ದು ಕಿವಿಗೆ ಬೀಳುತ್ತದೆ. ಕೂರ್ ಗಿಟಾರ್ ಹಿಡಿದು ಹಾಡಿದ ಡಚ್ ಹಾಡಿನ ಮುಂದೆ, ಅದೇ ಅಂಕ ಪಡೆದ ಇಂಗ್ಲಿಷ್ ಹಾಡು ನನಗೆ ಬಹಳ ತೆಳುವಾಗಿ ಕೇಳಿಸಿತು.

1973ರಿಂದ ನಾಲ್ಕು ವರ್ಷಗಳ ಕಾಲ ನಿಯಮವನ್ನು ಸಡಿಲಿಸಲಾಯಿತು. ಆ ನಾಲ್ಕರಲ್ಲಿ ಮೂರು ಬಾರಿ ಗೆದ್ದದ್ದು ಇಂಗ್ಲಿಷ್. 1974ರಲ್ಲಿ ಬ್ರೈಟನ್‌ನಲ್ಲಿ ಜಗತ್ತಿನ ಗಮನ ಸೆಳೆದ ಅಬ್ಬಾ ತಂಡ, ಅದೇ ಹಾಡನ್ನು ಸ್ವೀಡನ್ನಿನ ಆಯ್ಕೆಯ ಸುತ್ತಿನಲ್ಲಿ ಸ್ವೀಡಿಷ್‌ನಲ್ಲಿ ಹಾಡಿತ್ತು. ಅದು ಸ್ವೀಡಿಷ್‌ನಲ್ಲಿಯೇ ಉಳಿದಿದ್ದರೆ ತಂಡಕ್ಕೆ ಅಷ್ಟು ದೊಡ್ಡ ಬದುಕು ಸಿಗುತ್ತಿತ್ತೆಂದು ನಾನು ವಾದಿಸಲಾರೆ.

1977ರಲ್ಲಿ ನಿಯಮ ಮರಳಿ ಬಂದು 1998ರವರೆಗೆ ಉಳಿಯಿತು. ಇದರಿಂದ ಎಲ್ಲರಿಗೂ ಸಮಾನ ನ್ಯಾಯ ಸಿಕ್ಕಿತೆಂದು ಹೇಳುವಂತಿಲ್ಲ, ಏಕೆಂದರೆ ಯುರೋಪಿನುದ್ದಕ್ಕೂ ಅರ್ಥವಾಗುವ ಭಾಷೆಯಲ್ಲಿ ಹಾಡುವ ಅವಕಾಶ ಬ್ರಿಟನ್, ಐರ್ಲೆಂಡ್‌ನಂತಹ ಬೆರಳೆಣಿಕೆಯ ದೇಶಗಳಿಗೆ ಮಾತ್ರ ಉಳಿಯಿತು. ಆ 22 ಸ್ಪರ್ಧೆಗಳಲ್ಲಿ ಎಂಟನ್ನು ಈ ಎರಡು ದೇಶಗಳೇ ಗೆದ್ದವು. ಐರ್ಲೆಂಡ್ 1992ರಿಂದ 1994ರವರೆಗೆ ಸತತವಾಗಿ ಗೆದ್ದು, 1996ರಲ್ಲಿ ಮತ್ತೊಮ್ಮೆ ಗೆದ್ದಿತು. ಐರ್ಲೆಂಡಿನ ಜಾನಿ ಲೋಗನ್ ಗಾಯಕರಾಗಿ ಎರಡು ಬಾರಿ, 1992ರಲ್ಲಿ ಲಿಂಡಾ ಮಾರ್ಟಿನ್ ಅವರಿಗೆ ಹಾಡು ಬರೆದುಕೊಟ್ಟು ಮೂರನೆಯ ಬಾರಿ ಗೆದ್ದದ್ದರ ಹಿಂದಿನ ಪ್ರತಿಭೆಯನ್ನು ನಾನು ಕಡಿಮೆಯೆಂದು ಹೇಳುತ್ತಿಲ್ಲ. ಆದರೆ ಭಾಷೆಯ ಅನುಕೂಲವೂ ಅವರ ಪಾಲಿಗಿತ್ತು. 1995ರಲ್ಲಿ ಈ ಸರಣಿಯನ್ನು ಮುರಿದ ನಾರ್ವೆಯ ಹಾಡಿನಲ್ಲಿ ಇದ್ದದ್ದು ಕೇವಲ 24 ಪದಗಳು. ಉಳಿದುದೆಲ್ಲ ಪಿಟೀಲಿನ ಕೆಲಸ.

1999ರಲ್ಲಿ ಆಯ್ಕೆಯನ್ನು ಪೂರ್ತಿಯಾಗಿ ಹಾಡುವವರಿಗೇ ಬಿಟ್ಟ ಮೇಲೆ, 2006ರವರೆಗೆ ಗೆದ್ದ ಹಾಡುಗಳೆಲ್ಲ ಸಂಪೂರ್ಣವಾಗಿಯೋ ಬಹುಮಟ್ಟಿಗೋ ಇಂಗ್ಲಿಷಿನವೇ ಆದವು. ಎಸ್ಟೋನಿಯಾ, ಲಾಟ್ವಿಯಾ, ಟರ್ಕಿ, ಗ್ರೀಸ್, ಫಿನ್‌ಲೆಂಡ್ ತಮ್ಮ ಮೊದಲ ಗೆಲುವನ್ನು ಕಂಡದ್ದು ಈ ಅವಧಿಯಲ್ಲಿ. ಆ ಸಂತೋಷದ ಗಳಿಗೆಯಲ್ಲಿ ಅವುಗಳ ಭಾಷೆ ಮಾತ್ರ ವೇದಿಕೆಯ ಮೇಲಿರಲಿಲ್ಲ. 2007ರಲ್ಲಿ ಹೆಲ್ಸಿಂಕಿಯಲ್ಲಿ ಮಾರಿಯಾ ಶೆರಿಫೊವಿಚ್ ಸರ್ಬಿಯನ್ ಭಾಷೆಯಲ್ಲಿ ಹಾಡಿ ಗೆದ್ದರು. 2016ರಲ್ಲಿ ಉಕ್ರೇನಿನ ಜಮಾಲಾ, 1944ರಲ್ಲಿ ಸ್ಟಾಲಿನ್ ಆಡಳಿತ ಕ್ರಿಮಿಯಾದ ತಾತಾರರನ್ನು ನೆಲದಿಂದ ಕಿತ್ತು ಗಡೀಪಾರು ಮಾಡಿದ ದುರಂತವನ್ನು ಹಾಡಿದಾಗ, ನಿರೂಪಣೆಯನ್ನು ಇಂಗ್ಲಿಷಿನಲ್ಲಿಟ್ಟು ಪಲ್ಲವಿಯನ್ನು ಕ್ರಿಮಿಯನ್ ತಾತಾರ್ ಭಾಷೆಗೆ ಕೊಟ್ಟರು. ನೋವು ಯಾರದೋ ಅವರ ನುಡಿಯೇ ಅಲ್ಲಿ ಕೇಳಬೇಕಿತ್ತು. ಆ ನಿರ್ಧಾರಕ್ಕೆ ನನ್ನ ಪೂರ್ಣ ಗೌರವವಿದೆ.

ಪೋರ್ಚುಗಲ್ 1964ರಲ್ಲಿ ಮೊದಲ ಬಾರಿ ಬಂದು ಒಂದೂ ಅಂಕವಿಲ್ಲದೆ ಮರಳಿದ್ದ ದೇಶ. 2017ರಲ್ಲಿ ಕೀವ್‌ನಲ್ಲಿ ಸಾಲ್ವದೋರ್ ಸೊಬ್ರಾಲ್, ಅಕ್ಕ ಲೂಯಿಸಾ ಬರೆದ ಹಾಡನ್ನು ಪೋರ್ಚುಗೀಸ್‌ನಲ್ಲಿ ಹಾಡಿ, ತೀರ್ಪುಗಾರರ ಮತದಲ್ಲಿಯೂ ಪ್ರೇಕ್ಷಕರ ಮತದಲ್ಲಿಯೂ ಮೊದಲಿಗರಾಗಿ 758 ಅಂಕಗಳನ್ನು ಗಳಿಸಿದರು. ನೃತ್ಯಗಾರರಿಲ್ಲದೆ, ಅಬ್ಬರವಿಲ್ಲದೆ ಅವರು ಹಾಡಿದ್ದನ್ನು ಇಂದು ಮತ್ತೆ ಕೇಳುವಾಗ, ಅರ್ಥವಾಗದ ಭಾಷೆಯಾದರೂ ಪ್ರತಿ ಸಾಲಿನ ಭಾರ ನನಗೆ ತಿಳಿಯುತ್ತಿತ್ತು. 2021ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಮೋನೆಸ್ಕಿನ್ ತಂಡದ ಇಟಾಲಿಯನ್ ರಾಕ್ ಹಾಡು ಗೆದ್ದಿತು. ಎರಡನೆಯ ಮತ್ತು ಮೂರನೆಯ ಸ್ಥಾನಗಳು ಫ್ರೆಂಚ್ ಹಾಡುಗಳಿಗೆ ಹೋದವು. 2022ರಲ್ಲಿ ಟ್ಯೂರಿನ್‌ನಲ್ಲಿ ಗೆದ್ದ ಕಲುಶ್ ಆರ್ಕೆಸ್ಟ್ರಾದ ಉಕ್ರೇನಿಯನ್ ಹಾಡಿಗೆ ಪ್ರೇಕ್ಷಕರ ಮತದಿಂದಲೇ 439 ಅಂಕಗಳು ಬಂದವು. ಅಲ್ಲಿ ಯುದ್ಧದ ಸಂಕಟಕ್ಕೆ ಸಂದ ಸಹಾನುಭೂತಿಯೂ ಸೇರಿತ್ತು, ಆದರೆ ತಾಯಿಯನ್ನು ಕುರಿತ ಆ ಹಾಡು ಯುದ್ಧಕ್ಕಿಂತ ಮೊದಲೇ ರಚನೆಯಾದದ್ದು.

ಹಳೆಯ ನಿಯಮ ಮತ್ತೆ ಬರಲಿ ಎಂದು ಕೇಳುವವರ ಜೊತೆ ನಾನಿಲ್ಲ. ಸೊಬ್ರಾಲ್‌ಗೆ ಇಂಗ್ಲಿಷಿನಲ್ಲಿ ಹಾಡುವ ದಾರಿ ಪೂರ್ತಿ ತೆರೆದಿತ್ತು, ಅವರು ಪೋರ್ಚುಗೀಸನ್ನು ಆರಿಸಿಕೊಂಡರು. ಯೂರ್ಗನ್ಸ್‌ಗೆ 1966ರಲ್ಲಿ ಅಂತಹ ಆಯ್ಕೆಯೇ ಇರಲಿಲ್ಲ. ಮುಂದಿನ ವರ್ಷ ಸ್ಪರ್ಧೆ ಆಸ್ಟ್ರಿಯಾಕ್ಕೆ ಹೋಗಲಿದೆ. ಆತಿಥೇಯ ದೇಶದ ಹಾಡು ಜರ್ಮನ್‌ನಲ್ಲಿರಲಿ ಎಂಬುದು ನನ್ನ ಆಸೆ.