ಗಬ್ಬದ ಮಿನಿಯೇಚರ್ ಕುದುರೆ, ಆಮೇಲೆ ಅದರ ಮರಿ

ಗಬ್ಬ ಸುಮಾರು 11 ತಿಂಗಳು. ಪುಣೆಯ ಮಳೆಗಾಲದಲ್ಲಿ ಒಣಹುಲ್ಲಿಗೆ ಬೂಸ್ಟು ಹಿಡಿಯುತ್ತದೆ, ಹಾಗೆ ಬೂಸ್ಟು ಹಿಡಿದದ್ದನ್ನು ಹಾಕಲೇಬೇಡಿ. ದಪ್ಪಗಾಗಿದೆಯೆಂದು ಮೇವು ನಿಲ್ಲಿಸುವುದಂತೂ ದೊಡ್ಡ ತಪ್ಪು: ಉಪವಾಸ ಬಿದ್ದರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ, ಈ ಪುಟ್ಟ ತಳಿಗೆ ಅದು ಜೀವಾಪಾಯ. ಧನುರ್ವಾಯು ಲಸಿಕೆ ಹೆರಿಗೆಗೆ 4–6 ವಾರ ಮೊದಲು.

ಮೈಗೆ ಹೋಲಿಸಿದರೆ ಮರಿಯ ತಲೆ ದೊಡ್ಡದು, ಸಿಕ್ಕಿಕೊಳ್ಳುವುದು ಹೆಚ್ಚು. ನೀರು ಒಡೆದು 20 ನಿಮಿಷವಾದರೂ ಮರಿ ಬರದಿದ್ದರೆ ವೈದ್ಯರನ್ನು ಕರೆಯಿರಿ. ಬಿಳಿ ಪೊರೆಯ ಬದಲು ಕೆಂಪು ಚೀಲ ಕಂಡರೆ ಕಾಯಬೇಡಿ, ತಕ್ಷಣ ಕತ್ತರಿಸಿ ಮರಿಯನ್ನು ಹೊರಗೆಳೆಯಿರಿ; ಒಳಗೆ ಅದಕ್ಕೆ ಆಮ್ಲಜನಕ ಸಿಗುತ್ತಿರುವುದಿಲ್ಲ. ಗಿಣ್ಣುಹಾಲು 2 ಗಂಟೆಯೊಳಗೆ. ಮಾಸು 3 ಗಂಟೆಯಾದರೂ ಬೀಳದಿದ್ದರೆ ಕೈಯಿಂದ ಎಳೆಯಬೇಡಿ, ವೈದ್ಯರೇ ಬರಲಿ.

ಮೊದಲ ವಾರದಿಂದಲೇ ದಿನಕ್ಕೆ 5 ನಿಮಿಷ ಮರಿಯ ಮೈ ಸವರಿ, ಕಾಲೆತ್ತಿಸಿ. ಹಾಲ್ಟರ್ (ತಲೆಗೆ ಹಾಕುವ ಪಟ್ಟಿ) ಹಿಡಿದು ಜಗ್ಗಿದರೆ ಎಳೆಯ ಕುತ್ತಿಗೆಗೆ ಪೆಟ್ಟು. ಹಿಂಭಾಗಕ್ಕೆ ಮೆತ್ತನೆಯ ಹಗ್ಗ ಸುತ್ತಿ ಮುಂದಕ್ಕೆ ನಡೆಸಿ.