ಮೆಲುದನಿಯ ಸಾರ್ಜೆಂಟ್

ರಾತ್ರಿ ಊಟ ಆದ್ಮೇಲೆ ಮಗಳ ಜೊತೆ ಕೂತು, ಟಿವಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅಮೆರಿಕದ ಕಲಾವಿದ ಬಾಬ್ ರಾಸ್ ಚಿತ್ರ ಬಿಡಿಸುವ ಹಳೆಯ ಕಂತು ನೋಡುತ್ತಿದ್ದೆ. ಅವರು ಬ್ರಷ್ ತೊಳೆದು ಸ್ಟ್ಯಾಂಡಿನ ಕಾಲಿಗೆ ಪಟಪಟ ಬಡಿದಾಗೆಲ್ಲ ಇವಳಿಗೆ ನಗುವೋ ನಗು. ಈ ಮನುಷ್ಯ 20 ವರ್ಷ ಅಮೆರಿಕದ ವಾಯುಪಡೆಯಲ್ಲಿದ್ದವರು. ಅಲಾಸ್ಕಾದಲ್ಲಿ ಸಾರ್ಜೆಂಟ್ ಆಗಿದ್ದಾಗ ಹುಡುಗರ ಮೇಲೆ ಕೂಗಾಡುವುದೇ ಕೆಲಸ. 1981ರಲ್ಲಿ ಅದನ್ನು ಬಿಟ್ಟರು, ಇನ್ಮುಂದೆ ಯಾರ ಮೇಲೂ ಕಿರುಚಲ್ಲ ಅಂತ ತೀರ್ಮಾನಿಸಿ. ಆಮೇಲೆ ಜೊತೆಗಾರರೊಂದಿಗೆ ಕಂಪನಿ ಕಟ್ಟಿದರು. 1983ರಿಂದ 1994ರವರೆಗೆ ಟಿವಿಯಲ್ಲಿ 403 ಕಂತು! ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಒಟ್ಟಿಗೆ ನೋಡಬಹುದು. ಒಮ್ಮೊಮ್ಮೆ ಅಳಿಲು ಮರಿಯನ್ನೂ ಕರೆತರುತ್ತಿದ್ದರು.

ಸಂಜೆ ಹೋಂವರ್ಕ್ ವಿಷಯಕ್ಕೆ ಇವಳ ಮೇಲೆ ರೇಗಿದ್ದೆ. ನೆನಪಾಗಿ ಹೊಟ್ಟೆಯಲ್ಲಿ ಸಂಕಟ ಆಯಿತು. ಇವಳು ಆಗಲೇ ಹಾಳೆ ತೆಗೆದು ಒಂದು ಮರದ ಪಕ್ಕ ಇನ್ನೊಂದು ಮರ ಬಿಡಿಸುತ್ತಿದ್ದಳು, ಅದಕ್ಕೂ ಜೊತೆ ಬೇಕಲ್ವಾ ಅಂತ.