ಶನಿಯಲ್ಲಿ ಈಗ ಹಗಲು

ಮಗಳು ಶನಿಗ್ರಹದ ಸುತ್ತ ನೀಲಿ ಕ್ರೇಯಾನ್ ಬಳಿದಿದ್ದಳು. ಉಜ್ಜಿ ಉಜ್ಜಿ ಕಾಗದವೇ ಹರಿಯುವಷ್ಟು.

"ಅಲ್ಲಿ ಕಪ್ಪು ಅಲ್ವಾ ಪುಟ್ಟಾ?"

"ಈಗ ಅಲ್ಲಿ ಹಗಲು ಅಪ್ಪಾ."

ಸುಮ್ನಾದೆ.

ಅಮೆರಿಕದ ಚಿತ್ರಕಾರ ಚೆಸ್ಲಿ ಬೋನ್‌ಸ್ಟೆಲ್ ನೆನಪಾದರು. ಮೊದಲು ಕಟ್ಟಡಗಳ ನಕ್ಷೆ, ಆಮೇಲೆ ಹಾಲಿವುಡ್ ಸಿನಿಮಾಗಳಿಗೆ ಹಿನ್ನೆಲೆ ಚಿತ್ರ. 1944ರಲ್ಲಿ, 56ನೇ ವಯಸ್ಸಿಗೆ, ಶನಿಯ ಉಪಗ್ರಹ ಟೈಟನ್ ಮೇಲೆ ನಿಂತರೆ ಶನಿ ಹೇಗೆ ಕಾಣುತ್ತೆ ಅಂತ ಲೈಫ್ ಪತ್ರಿಕೆಗೆ ಬಿಡಿಸಿಕೊಟ್ಟರು. ಹಿಮ ಮೆತ್ತಿದ ಬಂಡೆಗಳು, ನಡುವೆ ಬಳೆ ತೊಟ್ಟ ಶನಿ. ಹಿಂದೆ, ಹೌದು, ನೀಲಿ ಆಕಾಶ!

2005ರಲ್ಲಿ ಹಾಯ್ಗನ್ಸ್ ನೌಕೆ ನಿಜವಾಗಿಯೂ ಟೈಟನ್ ಮೇಲೆ ಇಳಿಯಿತು. ಬರೀ ಕಿತ್ತಳೆ ಬಣ್ಣದ ಮಬ್ಬು. ಅಲ್ಲಿಂದ ಶನಿ ಕಣ್ಣಿಗೆ ಬೀಳೋದೇ ಇಲ್ಲ.

ನನಗೆ ಈಗಲೂ ಆ ನೀಲಿಯೇ ಜಾಸ್ತಿ ಇಷ್ಟ.

ಮಗಳ ಚಿತ್ರ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ನೀಲಿ ಕ್ರೇಯಾನ್ ಮಾತ್ರ ಮುಗಿದಿದೆ.